ಶಟಲ್ ಬೀದಿಯ ಹತ್ತು ಕಿಟಕಿಗಳು

ನವೆಂಬರಿನ ಆ ಬುಧವಾರ ಬೆಳಗಿನಿಂದ ಹಿಡಿದ ಮಳೆ ಮಧ್ಯಾಹ್ನ ಮೂರಾದರೂ ಬಿಟ್ಟಿರಲಿಲ್ಲ. ಲೀಡ್ಸ್ ನಗರದ ಅಂಚಿನ ಕ್ರೇವನ್ ಬ್ಯಾಂಕ್ ಬಡಾವಣೆಯ ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ಸೇರುವ ಇತಿಹಾಸ ಸಂಘಕ್ಕೆ ಅವತ್ತು ಹಳೆಯ ಟ್ರಾಮ್ ಗಾಡಿಗಳ ಬಗ್ಗೆ ಉಪನ್ಯಾಸವಿತ್ತು. ಉಪನ್ಯಾಸಕರೋ, ಕೆಳಗಿನ ಸೇತುವೆಯ ಬಳಿ ನೀರು ನಿಂತು ಬಸ್ಸಿನಲ್ಲೇ ಸಿಕ್ಕಿಕೊಂಡಿದ್ದೇನೆ ಎಂದು ಫೋನು ಮಾಡಿದರು. ಬಂದಿದ್ದವರು ಏಳೇ ಜನ. ಅವರಲ್ಲೂ ನಾಲ್ವರು ಚಳಿಗೆ ಮುದುಡಿ, ಕೋಣೆ ಕಾಯಿಸುವ ಬಿಸಿನೀರಿನ ಪೈಪಿನ ಪಕ್ಕ ಕುರ್ಚಿ ಎಳೆದುಕೊಂಡು, ಆಗಲೇ ತೂಕಡಿಸತೊಡಗಿದ್ದರು.

ಸಂಘದ ಕಾರ್ಯದರ್ಶಿ ಗ್ಲೆನಿಸ್ ಬರಿಗೈಯಲ್ಲಿ ಸಭೆ ಮುಗಿಸುವ ಹೆಂಗಸಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಕೆಡವಿಹೋದ ಬೀದಿಗಳ ಬಗ್ಗೆ ಒಂದು ಸಣ್ಣ ಪುಸ್ತಕ ತರಬೇಕೆಂದು ಎರಡು ವರ್ಷದಿಂದ ಟಿಪ್ಪಣಿ ಕೂಡಿಸುತ್ತಿದ್ದಳು. ಟೀ ಬಗ್ಗಿಸಿ, ಶುಂಠಿ ಕೇಕಿನ ತಟ್ಟೆಯನ್ನು ಮುಂದೆ ತಳ್ಳಿ, ಕಿಟಕಿಯ ಪಕ್ಕ ಕೋಟನ್ನೂ ಬಿಚ್ಚದೆ ಕೂತಿದ್ದ ನೋರಾ ಬಿನ್ಸ್ ಕಡೆ ತಿರುಗಿದಳು.

"ನೋರಾ, ನೀವು ಶಟಲ್ ಬೀದಿಯಲ್ಲೇ ಹುಟ್ಟಿದವರು ಅಲ್ವಾ? ನನ್ನ ಹತ್ರ ಆ ಬೀದಿ ಬಗ್ಗೆ ಒಂದೇ ಒಂದು ಸಾಲಿದೆ. ಯಾವಾಗ ಕಟ್ಟಿದ್ರು, ಯಾವಾಗ ಕೆಡವಿದ್ರು, ಅಷ್ಟೇ."

"ಯಾವಾಗ ಕೆಡವಿದ್ರು ಅನ್ನೋದು ಸರಿ," ಎಂದಳು ನೋರಾ. ತೊಂಬತ್ತೊಂದರ ಮುದುಕಿ, ದನಿ ಮಾತ್ರ ಗಟ್ಟಿ, ಮಗ್ಗದ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದ ದನಿ. "ಆದ್ರೆ ಕೆಡವಿದ್ಮೇಲೆ ಮುಗೀತು ಅಂತ ಯಾರು ಹೇಳಿದ್ದು ನಿನಗೆ?"

ನಿವೃತ್ತ ಬಸ್ ಡ್ರೈವರ್ ರಶೀದ್ ನಕ್ಕ. "ಶುರುವಾಯ್ತು ನೋಡಿ. ನೋರಾ ಆಂಟಿ, ದೆವ್ವದ ಕತೆಯಾದ್ರೆ ಮೊದಲೇ ಹೇಳ್ಬಿಡಿ. ನಾನು ಮನೆಗೆ ಆ ದಾರಿಯಲ್ಲೇ ಹೋಗ್ಬೇಕು."

"ಹೋಗು. ದಾರಿ ನಿನ್ನನ್ನೇನು ತಿನ್ನಲ್ಲ. ಕೂತ್ಕೊಂಡು ಕೇಳು."

ಗ್ಲೆನಿಸ್ ಫೋನಿನ ರೆಕಾರ್ಡರ್ ಒತ್ತಿ ಮೇಜಿನ ಮೇಲಿಟ್ಟಳು. ಇಂಥ ಕತೆಗಳನ್ನು ಅವಳು ಬಹಳ ಕೇಳಿದ್ದಳು. ಅದರಲ್ಲಿ ಮನೆ ನಂಬರು, ಇಸವಿ, ಹೆಸರು ಸಿಕ್ಕರೆ ಗುರುತು ಹಾಕಿಕೊಂಡು, ಉಳಿದದ್ದನ್ನು ಹಾಗೇ ಬಿಡುವುದು ಅವಳ ಪದ್ಧತಿ.

ನೋರಾ ಶುರು ಮಾಡಿದಳು.

"ಶಟಲ್ ಬೀದಿ ಅಂದ್ರೆ ನೀವೀಗ ಕಾರು ನಿಲ್ಲಿಸಿ ಬಂದ್ರಲ್ಲ, ಅಲ್ಲಿಂದ ಹಿಡಿದು ಮೇಲಿನ ಫ್ಲಾಟುಗಳ ತನಕ, ಕಲ್ಲು ಹಾಸಿದ ಏರು ಬೀದಿ. ಎರಡೂ ಕಡೆ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಮನೆಗಳು. ಹಿತ್ತಲು ಅನ್ನೋದೇ ಇಲ್ಲ; ಹಿಂದಿನ ಗೋಡೆ ಆಚೆಗೆ ಇನ್ನೊಬ್ರ ಮನೆ. ಮನೆಗೆ ಒಂದೇ ಬಾಗಿಲು. ಮದುಮಗಳು ಒಳಗೆ ಬರೋದೂ ಅದರಲ್ಲೇ, ಹೆಣ ಆಚೆ ಹೋಗೋದೂ ಅದರಲ್ಲೇ. ಕೆಳಗೊಂದು ಕೋಣೆ, ಮೇಲೊಂದು ಕೋಣೆ, ಮೇಲಿನ ಕೋಣೆಗೆ ಬೀದಿ ಕಡೆ ಒಂದು ಕಿಟಕಿ. ಬೀದಿ ತುದೀಲಿ ಉಣ್ಣೆ ಗಿರಣಿ. ಬೆಳಿಗ್ಗೆ ಆರಕ್ಕೆ ಗೇಟು ಮುಚ್ಚಿದ್ರೆ ಮುಗೀತು, ಒಂದು ನಿಮಿಷ ತಡವಾದ್ರೂ ಅವತ್ತಿನ ಕೂಲಿ ಇಲ್ಲ. ಗಡಿಯಾರ ಯಾರ ಮನೇಲಿತ್ತು ಆಗ? ಅದಕ್ಕೇ ಎಬ್ಬಿಸೋಕೆ ಒಬ್ಬಳಿದ್ಲು... ಮಿಸೆಸ್ ಕ್ಲಫ್. ಸೆಲೀನಾ ಕ್ಲಫ್.

"ಕುಳ್ಳಿ, ಗಂಡನಿಲ್ಲ, ಮಕ್ಕಳಿಲ್ಲ. ಕೈಯಲ್ಲಿ ಮೀನು ಹಿಡಿಯೋ ಗಣೆ ಥರ ಉದ್ದ ಬಿದಿರು, ಅದರ ತುದಿಗೆ ಗರಿ ಥರ ಬಿಡಿಸಿದ ತಂತಿ. ಬೆಳಗಿನ ಜಾವ ಮನೆ ಮನೆ ಮುಂದೆ ನಿಂತು ಮೇಲಿನ ಕಿಟಕಿ ಗಾಜಿನ ಮೇಲೆ ಗರಗರಗರ ಅಂತ ಆಡಿಸೋಳು. ಒಳಗಿದ್ದೋರು ಕಿಟಕಿಗೆ ಬಂದು ಮುಖ ತೋರಿಸಿ 'ಎದ್ದೆ' ಅನ್ನಬೇಕು. ಅನ್ನೋ ತನಕ ಅವಳು ಆ ಬಾಗಿಲು ಬಿಟ್ಟು ಕದಲೋಳಲ್ಲ. ಹಿಮ ಬೀಳ್ಲಿ, ಬೆಂಕಿ ಬೀಳ್ಲಿ... 'ಎದ್ದೆ' ಅಂದ್ರೆ ಮುಂದಿನ ಮನೆ. ಇಪ್ಪತ್ತಾರು ವರ್ಷ ಒಂದು ದಿನ ತಪ್ಪಿಸಿದೋಳಲ್ಲ, ಒಂದು ಕಿಟಕಿ ಬಿಟ್ಟೋಳಲ್ಲ."

"ನಮ್ಮನೇಲಿ ಆ ಕೆಲಸ ನಮ್ಮಮ್ಮನ ಚಪ್ಪಲಿ ಮಾಡ್ತಿತ್ತು," ಎಂದ ರಶೀದ್. ಪೈಪಿನ ಪಕ್ಕದವರಲ್ಲಿ ಒಬ್ಬರು ಕಣ್ಣು ತೆರೆದು ನಕ್ಕರು.

"ನಿಮ್ಮಮ್ಮ ಸತ್ತಮೇಲೂ ಚಪ್ಪಲಿ ಬಂತಾ?" ಎಂದಳು ನೋರಾ. ರಶೀದ್ ಕೇಕಿಗೆ ಕೈ ಹಾಕಿದ.

"ಮೂವತ್ತೇಳನೇ ಇಸವಿ ಫೆಬ್ರವರಿ. ಗುರುವಾರ. ಕಲ್ಲಿನ ಮೇಲೆಲ್ಲ ಮಂಜುಗಡ್ಡೆ. ಮಿಸೆಸ್ ಕ್ಲಫ್ ಬೀದಿ ಈಚೆ ಸಾಲಲ್ಲಿ ಒಂದು, ಮೂರು, ಐದು, ಏಳು, ಒಂಬತ್ತು... ಒಂಬತ್ತನೇ ಮನೆಯವರು 'ಎದ್ದೆ' ಅಂದ್ರು, ಅವಳು ಹನ್ನೊಂದರ ಕಡೆ ಹೆಜ್ಜೆ ಇಟ್ಲು, ಕಾಲು ಜಾರಿತು. ತಲೆಯ ಹಿಂಭಾಗ ಕಲ್ಲಿಗೆ ಬಡೀತು. ಒಂಬತ್ತರವರು ಕೆಳಗೆ ಓಡಿ ಬರೋ ಹೊತ್ತಿಗೆ ಇನ್ನೂ ಉಸಿರಿತ್ತು. ಏನು ಹೇಳಿದ್ಲು ಗೊತ್ತಾ? ಡಾಕ್ಟರನ್ನ ಕರೀರಿ ಅನ್ನಲಿಲ್ಲ. ದೇವರೇ ಅನ್ನಲಿಲ್ಲ. 'ಇನ್ನೂ ಹತ್ತು ಮನೆ ಇದೆಯಲ್ಲಾ' ಅಂದ್ಲು. ಅಷ್ಟೇ. ಹೋಯ್ತು ಪ್ರಾಣ.

"ಹನ್ನೊಂದರಿಂದ ಇಪ್ಪತ್ತೊಂಬತ್ತರ ತನಕ, ಬೆಸ ನಂಬರು. ಲೆಕ್ಕ ಹಾಕಿ ನೋಡಿ, ಹತ್ತೇ ಆಗುತ್ತೆ. ಅವತ್ತು ಆ ಹತ್ತು ಮನೇಲಿ ಗಿರಣಿಗೆ ಹೋಗೋರ್ಯಾರಿಗೂ ಗೇಟು ಸಿಗಲಿಲ್ಲ."

ಗ್ಲೆನಿಸ್ ನಂಬರುಗಳನ್ನು ಬರೆದುಕೊಂಡಳು.

"ನಮ್ಮದು ಹದಿನೇಳು. ಅಪ್ಪ ಅದರ ಹಿಂದಿನ ವರ್ಷವೇ ಎದೆಯ ಕಾಯಿಲೆಯಲ್ಲಿ ಹೋಗಿದ್ದ. ಅಮ್ಮನ ಹೆಸರು ಎನಿಡ್. ಆಗ ಅವಳಿಗೆ ಇಪ್ಪತ್ತೆಂಟು, ನನಗೆ ಆರು. ಅಮ್ಮ ಮಾತು ಕಮ್ಮಿ, ಹಟ ಜಾಸ್ತಿ. ಮಿಸೆಸ್ ಕ್ಲಫ್‌ನ ಮಣ್ಣು ಮಾಡಿ ಬಂದ ಸೋಮವಾರವೇ ಆ ಬಿದಿರು ಕೇಳಿ ತಂದು, ಎಬ್ಬಿಸೋ ಕೆಲಸ ತಾನೇ ಹಿಡಿದ್ಲು. ಎದುರುಮನೆ ಹೆಂಗಸು ಬಾಗಿಲಲ್ಲಿ ನಿಂತು ಅಂದ್ಲಂತೆ: 'ಏನೇ ಎನಿಡ್, ಸತ್ತೋಳ ಕೋಲು ಹಿಡಿದಿದ್ದೀಯಲ್ಲ, ಬೇರೆ ಕೆಲಸ ಸಿಗಲಿಲ್ವಾ?' ಅಮ್ಮ ಅಂದ್ಲಂತೆ: 'ಬದುಕಿರೋರು ಯಾರೂ ಕೊಡಲಿಲ್ಲ ಕಣೆ.'

"ಮೂರು ವಾರ ಏನೂ ಇಲ್ಲ. ನಾಲ್ಕನೇ ಗುರುವಾರ... ಅಮ್ಮ ಐದೂವರೆಗೆ ಹನ್ನೊಂದರ ಮುಂದೆ ಬಂದು ನಿಂತ್ರೆ ದೀಪ ಉರೀತಾ ಇದೆ, ಬಾಗಿಲು ತೆರೆದಿದೆ. ಹೆಪ್‌ವರ್ತ್ ತಾತ ಮೆಟ್ಟಿಲ ಮೇಲೆ ಕೂತಿದ್ದಾನೆ. ಅವನು ಗಿರಣಿ ಬಿಟ್ಟು ಎಂಟು ವರ್ಷ ಆಗಿತ್ತು. ಆದ್ರೆ ಕ್ಯಾಪು ಹಾಕಿದ್ದಾನೆ, ಬೂಟಿನ ದಾರ ಬಿಗಿಯಾಗಿ ಕಟ್ಟಿದ್ದಾನೆ, ತೊಡೆ ಮೇಲೆ ಊಟದ ಡಬ್ಬಿ. ತಣ್ಣಗಾಗಿಬಿಟ್ಟಿದ್ದಾನೆ. ವಯಸ್ಸಾಗಿತ್ತು, ಮಂಕು ಕವಿದು ಎದ್ದು ಬಂದಿರಬೇಕು ಅಂದ್ರು ಜನ. ಯಾರಿಗೆ ಅನುಮಾನ ಬರುತ್ತೆ ಹೇಳಿ?

"ಮುಂದಿನ ಗುರುವಾರ ಹದಿಮೂರು. ಲಾಟೀ ಸ್ಪೈಟ್. ಹತ್ತೊಂಬತ್ತು ವರ್ಷದ ಹುಡುಗಿ, ಮಗ್ಗ ನಡೆಸೋಳು, ಕಲ್ಲು ಗುದ್ದಿ ನೀರು ತೆಗೆಯೋ ಹಾಗಿದ್ಲು. ಅವಳೂ ಹಾಗೇ. ಶಾಲು ಹೊದ್ದು, ಬೂಟು ಕಟ್ಟಿ, ಮೆಟ್ಟಿಲ ಮೇಲೆ ಕೂತು... ಕಣ್ಣು ಗಿರಣಿ ಕಡೆಗೆ. ಒಂದೇ ಹಾಸಿಗೇಲಿ ಮಲಗ್ತಿದ್ದ ಅವಳ ತಂಗಿ ಅತ್ತು ಅತ್ತು ನಮ್ಮಮ್ಮನ ಹತ್ರ ಹೇಳಿದ್ಲು: 'ಎನಿಡಕ್ಕಾ, ನೀವು ಕಿಟಕಿ ಬಡಿದ್ರಿ ಅಂದ್ಕೊಂಡೆ. ಅಕ್ಕ ನಿದ್ದೆಗಣ್ಣಲ್ಲಿ ಎದ್ದು ಹೋಗಿ, ಎದ್ದೆ ಮಿಸೆಸ್ ಕ್ಲಫ್, ಅಂದ್ಲು. ಹಳೇ ಅಭ್ಯಾಸ, ಮುದುಕಿ ಸತ್ತಿದ್ದು ಮರೆತಿದ್ದಾಳೆ ಅಂತ ನಾನು ನಕ್ಕು ಮಗ್ಗಲು ತಿರುಗಿದೆ...'

"ಅಮ್ಮ ಆ ಹೊತ್ತಿನಲ್ಲಿ ಎಲ್ಲಿದ್ಲು? ಪಕ್ಕದ ಬೀದಿಯವರನ್ನ ಎಬ್ಬಿಸ್ತಾ ಇದ್ಲು. ಶಟಲ್ ಬೀದಿಗೆ ಇನ್ನೂ ಕಾಲಿಟ್ಟೇ ಇರಲಿಲ್ಲ.

"ಹನ್ನೊಂದು, ಹದಿಮೂರು. ಅಮ್ಮನಿಗೆ ತಿಳೀತು. ಗುರುವಾರದ ಹಿಂದಿನ ದಿನ ಹದಿನೈದಕ್ಕೆ ಹೋದ್ಲು. ಅಲ್ಲಿದ್ದೋನು ಆರ್ಥರ್ ಟಾರ್ಡಾಫ್, ಬೀದಿ ದೀಪ ಹಚ್ಚೋನು, ಆರಡಿ ಆಳು, ಹೆಂಡತಿ ಮಕ್ಕಳು ತವರಿಗೆ ಹೋಗಿದ್ರು. 'ಆರ್ಥರ್, ನಾಳೆ ಕಿಟಕಿ ಬಡಿದ್ರೆ ಓ ಅನ್ಬೇಡ, ನಾನು ಬಾಗಿಲಿಗೆ ಬಂದು ಹೆಸರು ಹಿಡಿದು ಕೂಗ್ತೀನಿ' ಅಂದ್ಲು. ಅವನು ಹೊಟ್ಟೆ ಹಿಡ್ಕೊಂಡು ನಕ್ಕ. 'ಅಲ್ಲಮ್ಮಾ, ಊರನ್ನೆಲ್ಲ ಎಬ್ಬಿಸೋಳು ನೀನು, ನನ್ನನ್ನ ಮಾತ್ರ ಮಲಗು ಅಂತೀಯಲ್ಲ! ಜೊತೆಗೆ ಮಲಗೋಕೆ ಬರ್ತೀಯೇನು?' ಅಂದ. ಅಮ್ಮ ಮುಖ ಕೆಂಪು ಮಾಡ್ಕೊಂಡು ಬಂದುಬಿಟ್ಲು. ಬೆಳಿಗ್ಗೆ... ಆರಡಿ ಆಳು ಮೆಟ್ಟಿಲ ಮೇಲೆ ಕೂತಿದ್ದ. ಊಟದ ಡಬ್ಬೀಲಿ ಬ್ರೆಡ್ಡು ಕೂಡ ಕತ್ತರಿಸಿ ಇಟ್ಟಿದ್ದ.

"ಆಮೇಲಿನದು ಹದಿನೇಳು."

ಮಳೆ ಗಾಜಿನ ಮೇಲೆ ಓರೆಯಾಗಿ ಹೊಡೆಯುತ್ತಿತ್ತು. ಪೈಪಿನ ಪಕ್ಕದವರೆಲ್ಲ ಈಗ ಎಚ್ಚರವಾಗಿದ್ದರು. ಗ್ಲೆನಿಸ್ ಬರೆಯುವುದನ್ನು ನಿಲ್ಲಿಸಿದ್ದಳು. ಹಾಗೆ ನಿಲ್ಲಿಸಿದ್ದು ಅವಳಿಗೇ ಗೊತ್ತಾಗಿರಲಿಲ್ಲ.

"ಬೇರೆ ಕಡೆ ಹೋಗಬಹುದಿತ್ತಲ್ಲ?" ಎಂದು ಕೇಳಿದಳು.

"ಎಲ್ಲಿಗೆ ಮಗಳೇ? ಅಮ್ಮನಿಗೆ ಯಾರೂ ಇರಲಿಲ್ಲ. ನಾವು ಹೋದ್ರೂ ಮಿಸೆಸ್ ಕ್ಲಫ್ ಹತ್ತೊಂಬತ್ತಿಗೆ ಬರೋಳು, ಅಲ್ಲಿ ಆಗತಾನೇ ಹೆರಿಗೆ ಆಗಿತ್ತು. ಅದನ್ನೂ ಅಮ್ಮ ಯೋಚನೆ ಮಾಡಿದ್ಲೋ ಏನೋ. ನನಗೆ ಹೇಳಲಿಲ್ಲ.

"ಆ ಗುರುವಾರ ಅಮ್ಮ ಕೆಲಸಕ್ಕೆ ಹೋಗಲಿಲ್ಲ. ಬಟ್ಟೆ ಹಾಕ್ಕೊಂಡು, ಮೈತುಂಬ ಶಾಲು ಸುತ್ತಿಕೊಂಡು, ನನ್ನನ್ನ ತೊಡೆ ಮೇಲೆ ಎಳ್ಕೊಂಡು ಹಾಸಿಗೆ ಮೇಲೆ ಕೂತಿದ್ಲು. ಹೊರಗೆ ಸಣ್ಣಗೆ ಮಳೆ. ಐದೂವರೆ... ಗರಗರಗರ. ಅಮ್ಮನ ಬಿದಿರು ಕೆಳಗೆ ಬಾಗಿಲ ಹಿಂದೆ ಒರಗಿಸಿತ್ತು, ನಾನೇ ನೋಡಿದ್ದೆ. ಆದ್ರೂ ಗಾಜಿನ ಮೇಲೆ ತಂತಿ ಆಡ್ತಾ ಇದೆ. ನನಗೆ ಬಾಯಿಗೆ ಬಂತು 'ಎದ್ದೆ' ಅಂತ, ಅಮ್ಮ ಅಂಗೈಯಿಂದ ನನ್ನ ಬಾಯಿ ಮುಚ್ಚಿದ್ಲು. ಎಷ್ಟು ಜೋರಾಗಿ ಅಂದ್ರೆ ನನ್ನ ಹಲ್ಲು ತುಟಿಗೆ ಒತ್ತಿ ರಕ್ತ ಬಂತು.

"ನಿಲ್ಲಲಿಲ್ಲ. ಹೇಳಿದ್ನಲ್ಲ, 'ಎದ್ದೆ' ಅನ್ನೋ ತನಕ ಕದಲೋಳಲ್ಲ ಅಂತ? ಐದೂ ಮುಕ್ಕಾಲು. ಗರಗರಗರ. ಗಿರಣಿ ಸೈರನ್ ಆಯ್ತು. ಗರಗರಗರ. ಕಿಟಕಿ ಸುತ್ತಲಿನ ಗಾರೆ ಉದುರೋಕೆ ಶುರುವಾಯ್ತು. ಬೆಳಕು ಹರೀತು, ಎದುರು ಸಾಲಿನವರು ಬಾಗಿಲಿಗೆ ಬಂದು ನಿಂತು ನೋಡ್ತಾ ಇದ್ದಾರೆ... ಗಾಜು ಅದುರ್ತಾ ಇದೆ, ಕೆಳಗೆ ಯಾರೂ ಇಲ್ಲ.

"ಆಗ ಅಮ್ಮನಿಗೆ ರೇಗಿತು. ಹೌದು, ಹೆದರಿಕೆ ಅಲ್ಲ, ರೇಗಿತು. ನನ್ನನ್ನ ಹಾಸಿಗೆ ಮೇಲೆ ಕುಕ್ಕಿ, 'ನನ್ನ ದನಿ ಕೇಳಿದ್ರೆ ಮಾತ್ರ ಮಾತಾಡು, ಇನ್ಯಾರಿಗೂ ಇಲ್ಲ' ಅಂತ ಹೇಳಿ, ಕೆಳಗಿಳಿದು ಬಾಗಿಲು ತೆಗೆದು, ಬಿದಿರು ಹಿಡ್ಕೊಂಡು ಬೀದಿಗೆ ಹೋದ್ಲು. ನಾನು ಕಿಟಕಿ ಮೂಲೆಯಿಂದ ನೋಡಿದೆ. ಬೀದಿ ಕಲ್ಲೆಲ್ಲ ಮಳೆಗೆ ತೊಯ್ದು ಕಪ್ಪಗೆ ಹೊಳೀತಾ ಇದೆ. ನಮ್ಮ ಕಿಟಕಿ ಕೆಳಗೆ ಮಾತ್ರ ಎರಡು ಜಾಗ, ಇಷ್ಟಿಷ್ಟೇ, ಎರಡು ಪಾದದಷ್ಟು... ಒಣಗಿ ಬೆಳ್ಳಗಿದೆ.

"ಅಮ್ಮ ಆ ಒಣ ಜಾಗದ ಮುಂದೆ ನಿಂತ್ಲು. ಇಡೀ ಬೀದಿಗೆ ಕೇಳೋ ಹಾಗೆ ಅಂದ್ಲು: 'ಮಿಸೆಸ್ ಕ್ಲಫ್, ನೀವು ಇಪ್ಪತ್ತಾರು ವರ್ಷ ದುಡಿದ್ರಿ, ಯಾರೂ ಇಲ್ಲ ಅನ್ನಲ್ಲ. ಈಗ ಈ ಬೀದಿ ನನ್ನದು. ನಿಮ್ಮ ಮನೆಗಳು ಉಳಿದಿವೆ ಅಂತ ತಾನೇ? ಬನ್ನಿ ನನ್ನ ಹಿಂದೆ, ನಾನು ಮುಗಿಸಿ ಕೊಡ್ತೀನಿ. ನೀವು ಕೋಲೆತ್ತಬೇಡಿ.' ಅಂದು ನಮ್ಮ ಕಿಟಕಿಗೇ ಬಿದಿರು ಎತ್ತಿ ಬಡಿದ್ಲು. 'ನೋರಾ!' ಅಂದ್ಲು. ನಾನು ಹೂಂಗುಟ್ಟಿದೆ. ಮುಂದೆ ಹೋದ್ಲು. ಒಣ ಜಾಗ ಎರಡೂ ಅವಳ ಹಿಂದೆ ಹೋದ್ವು... ಒಂದು ಒದ್ದೆಯಾಗೋದು, ಮುಂದೆ ಇನ್ನೊಂದು ಒಣಗೋದು, ಹಾಗೆ. ಹತ್ತೊಂಬತ್ತರ ಬಾಣಂತಿ ಮಗು ಎತ್ಕೊಂಡೇ ಕಿಟಕಿಗೆ ಬಂದು 'ಎದ್ದೆ ಎನಿಡ್' ಅಂದ್ಲು. ಇಪ್ಪತ್ತೊಂದು, ಇಪ್ಪತ್ಮೂರು, ಇಪ್ಪತ್ತೈದು, ಇಪ್ಪತ್ತೇಳು. ಕೆಲಸಕ್ಕೆ ಹೋದೋರ ಮನೇಲಿ ಮುದುಕರು, ಮಕ್ಕಳು ಬಂದ್ರು. ಯಾರೂ ನಗಲಿಲ್ಲ. ಎಲ್ಲರೂ ಅಮ್ಮನ ಹೆಸರು ಹಿಡಿದೇ ಓಗೊಟ್ರು.

"ಇಪ್ಪತ್ತೊಂಬತ್ತು... ಖಾಲಿ ಮನೆ."

"ಅಯ್ಯೋ," ಎಂದ ರಶೀದ್.

"ಅದರ ಹಿಂದಿನ ಶನಿವಾರವೇ ಅವರು ಗಂಟುಮೂಟೆ ಕಟ್ಟಿ ಬ್ರಾಡ್‌ಫರ್ಡ್‌ಗೆ ಹೋಗಿದ್ರು. ಅಮ್ಮ ಬಡಿದ್ಲು. ಯಾರು ಬರ್ತಾರೆ? ಬಡಿದ್ಲು. ಆ ಒಣ ಜಾಗ ಎರಡೂ ಮೆಟ್ಟಿಲ ಹತ್ರ ನಿಂತೇ ಇವೆ. ಒಂದು ಕಿಟಕಿ ಬಿಟ್ಟೋಳಲ್ಲ ಅವಳು, ಈಗ ಬಿಡ್ತಾಳಾ? ಅಮ್ಮ ಬಿದಿರನ್ನ ಗೋಡೆಗೆ ಒರಗಿಸಿ, ಬಾಗಿಲು ತಳ್ಳಿ ಒಳಗೆ ಹೋದ್ಲು. ಮೇಲಿನ ಕಿಟಕಿ ತೆರೀತು. ಅಮ್ಮ ತಲೆ ಆಚೆ ಹಾಕಿ ಕೆಳಗೆ ನೋಡಿದ್ಲು. ಬಹಳ ಹೊತ್ತು ನೋಡಿದ್ಲು. ಏನೋ ಅಂದ್ಲು, ದೂರ, ನಮಗ್ಯಾರಿಗೂ ಕೇಳಲಿಲ್ಲ. ಕೆಳಗಿಳಿದು ಬಂದಾಗ ಬೀದಿ ಪೂರ್ತಿ ಒದ್ದೆಯಾಗಿತ್ತು.

"ಅಲ್ಲಿಗೆ ನಿಂತಿತು. ಆಮೇಲೆ ಯಾವ ಗುರುವಾರವೂ ಏನೂ ಆಗಲಿಲ್ಲ. ಅಮ್ಮ ಹದಿನೈದು ವರ್ಷ ಆ ಬೀದಿನ ಎಬ್ಬಿಸಿದ್ಲು, ಮನೆಮನೆಗೂ ಅಲಾರಂ ಗಡಿಯಾರ ಬರೋ ತನಕ. ಬೀದಿ ಕೆಡವಿದಾಗ ನಮಗೆ ಮೇಲಿನ ಫ್ಲಾಟಲ್ಲಿ ಐದನೇ ಮಹಡಿ ಕೊಟ್ರು. 'ಬಿಸಿನೀರು ನಲ್ಲೀಲಿ ಬರುತ್ತೆ ಕಣೇ' ಅಂತ ಮಗು ಥರ ಕೈ ಒಡ್ಡಿಕೊಂಡು ನಿಂತಿರೋಳು. ಸುಖವಾಗಿದ್ಲು.

"ಅರವತ್ತೆಂಟನೇ ಇಸವೀಲಿ ಅಮ್ಮನ್ನ ಆಸ್ಪತ್ರೆಗೆ ಸೇರಿಸಿದ್ವಿ. ಹೊಟ್ಟೇಲಿ ಗಡ್ಡೆ. ಒಂದು ಸಂಜೆ ನನ್ನ ಕೈ ಹಿಡ್ಕೊಂಡು ಅವತ್ತು ಇಪ್ಪತ್ತೊಂಬತ್ತರ ಕಿಟಕಿಯಿಂದ ಏನು ನೋಡಿದೆ ಅಂತ ಹೇಳಿದ್ಲು. ಕೆಳಗೆ ಮಿಸೆಸ್ ಕ್ಲಫ್ ನಿಂತಿದ್ಲಂತೆ. ಕೋಪ ಇಲ್ಲ, ಏನಿಲ್ಲ. ಕಾಲು ನೋಯ್ತಿರೋರ ಮುಖ ಇರುತ್ತಲ್ಲ, ಹಾಗೆ. ಅಮ್ಮ ಅಂದಳಂತೆ: 'ಎದ್ದೆ ಮಿಸೆಸ್ ಕ್ಲಫ್. ಆದ್ರೆ ಮಗಳು ಚಿಕ್ಕೋಳು. ಅವಳು ತನ್ನ ಕಾಲ ಮೇಲೆ ನಿಂತ್ಕೊಳ್ಳಲಿ, ಬರ್ತೀನಿ.' ಮುದುಕಿ ಕೋಲು ಇಳಿಸಿ, 'ಆಗಲಿ ಕಣಮ್ಮ. ನನಗೂ ಸಾಕಾಗಿದೆ. ಬೀದಿನ ನೀನೇ ನೋಡ್ಕೊ' ಅಂದಳಂತೆ.

"ಮಾರನೇ ದಿನ ಬೆಳಿಗ್ಗೆ ಆಸ್ಪತ್ರೆಯಿಂದ ಕರೆ ಬಂತು. ನರ್ಸ್ ಪಾಪ ಚಿಕ್ಕ ಹುಡುಗಿ. ಎರಡು ವಾರದಿಂದ ಎದ್ದು ಕೂರೋಕಾಗದ ಹೆಂಗಸು ಕೋಟು ಹಾಕ್ಕೊಂಡು, ಬೂಟಿನ ದಾರ ಕಟ್ಕೊಂಡು, ಮಂಚದ ಅಂಚಲ್ಲಿ ಕೂತು ಹೋಗಿದ್ದಾಳೆ ಅಂದ್ಲು. ಮುಖ ಹೇಗಿತ್ತು ಅಂತ ಕೇಳಿದೆ. 'ಕೆಲಸಕ್ಕೆ ಹೊರಟೋರ ಮುಖ' ಅಂದ್ಲು."

ನೋರಾ ನಿಲ್ಲಿಸಿದಳು. ಪೈಪಿನೊಳಗೆ ನೀರು ಒಮ್ಮೆ ಗುಟುಕರಿಸಿತು. ಕತೆ ಮುಗಿಯಿತೆಂದುಕೊಂಡು ಗ್ಲೆನಿಸ್ ಫೋನಿಗೆ ಕೈ ಚಾಚಿದಳು. ಒಳ್ಳೆಯ ಕತೆ, ಮನೆ ನಂಬರುಗಳೂ ಸಿಕ್ಕಿದವು ಎಂದು ಮನಸ್ಸಿನಲ್ಲಿ ಹೇಳಿಕೊಂಡಳು. ಆದರೂ ಬೆರಳು ಗುಂಡಿಯ ಮೇಲೆ ಒತ್ತದೆ ನಿಂತಿತು.

"ಬೀದಿನ ನೀನೇ ನೋಡ್ಕೊ ಅಂದ್ರೆ..." ಎಂದಳು. "ಆಮೇಲೆ ನಿಮ್ಮ ಫ್ಲಾಟುಗಳಲ್ಲಿ ಏನಾದ್ರೂ...?"

"ಫ್ಲಾಟುಗಳಲ್ಲಿ ವಯಸ್ಸಾದೋರು ಸಾಯ್ತಾರೆ ಮಗಳೇ, ಅದರಲ್ಲೇನು ವಿಶೇಷ. ಬೂಟು ಹಾಕ್ಕೊಂಡು ಸತ್ರೋ ಇಲ್ವೋ ಅಂತ ಯಾರು ಬರೆದಿಡ್ತಾರೆ." ನೋರಾ ಕೋಟಿನ ಮೇಲಿನ ಗುಂಡಿ ಹಾಕಿಕೊಳ್ಳತೊಡಗಿದಳು. "ಅಮ್ಮ ಯಾರಿಗೂ ಅವಸರ ಮಾಡೋಳಲ್ಲ. ಮಿಸೆಸ್ ಕ್ಲಫ್ ಥರ ಅಲ್ಲ ಅವಳು. ಹೊತ್ತಾದೋರನ್ನ ಮಾತ್ರ ಎಬ್ಬಿಸ್ತಾಳೆ ಅಂತ ನನ್ನ ನಂಬಿಕೆ. ಐವತ್ತು ವರ್ಷದ ಮೇಲಾಯ್ತು, ನನ್ನ ಕಿಟಕಿಗೆ ಒಂದು ದಿನವೂ ಬಂದಿರಲಿಲ್ಲ. ನನಗೇ ಬೇಜಾರಾಗ್ತಿತ್ತು, ಮರೆತಳೇನೋ ಅಂತ.

"ಸೋಮವಾರ ಬೆಳಿಗ್ಗೆ ಐದೂವರೆಗೆ ಬಂತು ಆ ಸದ್ದು. ಐದನೇ ಮಹಡಿ, ಎಂಥಾ ಬಿದಿರು ಮುಟ್ಟುತ್ತೆ ಹೇಳಿ? ಆಮೇಲೆ 'ನೋರಾ' ಅಂತ. ನಾನು ಮುಸುಕು ಎಳ್ಕೊಂಡೆ. ಮಂಗಳವಾರ ಮತ್ತೆ ಬಂದ್ಲು, ಬೆಳಕು ಹರಿಯೋ ತನಕ ಮಳೇಲಿ ನಿಂತಿದ್ಲು ಪಾಪ. ಆಗಲೂ ಮಾತಾಡಲಿಲ್ಲ."

ರಶೀದ್ ಮೆಲ್ಲಗೆ ಕೇಳಿದ: "ಇವತ್ತು, ಆಂಟಿ?"

ಮುದುಕಿ ಕೊನೆಯ ಗುಂಡಿಯನ್ನೂ ಹಾಕಿ, ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು.

"ಹೆತ್ತ ತಾಯಿನ ಎಷ್ಟು ದಿನ ಅಂತ ಮಳೇಲಿ ನಿಲ್ಲಿಸೋದು, ನೀವೇ ಹೇಳಿ... ಇವತ್ತು ಬೆಳಿಗ್ಗೆ ಓ ಅಂದೆ."